ಟಿಸಿ ಕೇಳುವ ಮುನ್ನ: ಪ್ರೌಢಶಾಲೆಯ ದಾಖಲಾತಿ, ಫಲಿತಾಂಶದ ಬಗ್ಗೆ ಪೋಷಕರಿಗೆ ಪತ್ರ

ಮಾನ್ಯ ಪೋಷಕರೇ, ನಮಸ್ಕಾರ.

ಜಿಗಣಿ, ಬೊಮ್ಮಸಂದ್ರದ ಕಾರ್ಖಾನೆಗಳ ಜೊತೆಗೆ ಆನೇಕಲ್ ಕಡೆಯ ಊರುಗಳೂ ಬೆಳೆದಿವೆ, ಶಾಲೆಗೆ ಮಕ್ಕಳೂ ಹೆಚ್ಚಬೇಕಿತ್ತು. ಆದರೂ ಮೇ ಕೊನೆಯಲ್ಲಿ ಶಾಲೆ ತೆರೆದ ಕೂಡಲೇ ಒಂಬತ್ತನೇ ತರಗತಿಗೆ ಬರಬೇಕಾದ ಮಕ್ಕಳಿಗೆ ಟಿಸಿ ಕೇಳಿಕೊಂಡು ಕೆಲವರು ಬರುತ್ತೀರಿ. ‘ಇಲ್ಲಿ ರಿಸಲ್ಟ್ ಕಡಿಮೆ’ ಎಂಬುದು ಕಾರಣ. ಆ ಮಾತಿಗೇ ಈ ಪತ್ರ.

ಶಿಕ್ಷಕರ ಹುದ್ದೆ ನಿಂತಿರುವುದು ಎಸ್‌ಎಟಿಎಸ್‌ನಲ್ಲಿ (ಶಿಕ್ಷಣ ಇಲಾಖೆಯ ಆನ್‌ಲೈನ್ ವಿದ್ಯಾರ್ಥಿ ದಾಖಲೆ) ದಾಖಲಾದ ಮಕ್ಕಳ ಸಂಖ್ಯೆಯ ಮೇಲೆ. ಮಕ್ಕಳು ಕಡಿಮೆಯಾದರೆ ಶಿಕ್ಷಕರನ್ನು ‘ಹೆಚ್ಚುವರಿ’ ಎಂದು ಗುರುತಿಸಿ ಬೇರೆ ಶಾಲೆಗೆ ಕಳಿಸುತ್ತಾರೆ. ಹೋದವರು ಗಣಿತದವರಾದರೆ ಅತಿಥಿ ಶಿಕ್ಷಕರು ಬರುವ ತನಕ ಪಿರಿಯಡ್ ಖಾಲಿ. ಎಂಟರಲ್ಲಿ ತಪ್ಪಿದ ಪಾಠ ಹತ್ತರ ಫಲಿತಾಂಶದಲ್ಲಿ ಎದ್ದು ಕಾಣುತ್ತದೆ.

ರಾಜ್ಯದ ಎಸ್‌ಎಸ್‌ಎಲ್‌ಸಿ ಫಲಿತಾಂಶ 2023ರಲ್ಲಿ ಶೇ 83.89 ಇತ್ತು. 2024ರಲ್ಲಿ ನಕಲು ತಡೆಯಲು ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್, ಅಂದರೆ ಕ್ಯಾಮೆರಾದ ನೇರ ಕಣ್ಗಾವಲು, ಬಂತು. ಕೃಪಾಂಕವನ್ನು ಶೇ 10ರಿಂದ 20ಕ್ಕೆ ಏರಿಸಿದ ಮೇಲೂ ಫಲಿತಾಂಶ ಶೇ 73.40ಕ್ಕೆ ಇಳಿಯಿತು. ಹಾಗಾಗಿ ಶಾಲೆ ಶಾಲೆಗೆ ಹೋಲಿಸುವಾಗ ಬರೀ ಶೇಕಡಾವಾರು ನೋಡಬೇಡಿ. ಒಂಬತ್ತರಲ್ಲಿ ಎಷ್ಟು ಮಕ್ಕಳಿದ್ದರು, ಹತ್ತರಲ್ಲಿ ಎಷ್ಟು ಮಂದಿ ಪರೀಕ್ಷೆಗೆ ಕೂತರು ಎಂದು ಕೇಳಿ. ಹಿಂದುಳಿದ ಮಕ್ಕಳನ್ನು ನಡುವೆಯೇ ಸಾಗಹಾಕಿ ತಂದ ನೂರಕ್ಕೆ ನೂರನ್ನು ನಾನು ಒಳ್ಳೆಯ ಫಲಿತಾಂಶ ಎನ್ನಲಾರೆ.

ನಮ್ಮ ಮಕ್ಕಳು ಎಡವುವುದು ಹೆಚ್ಚಾಗಿ ಗಣಿತದಲ್ಲಿ, ಅದೂ ಕೆಳಗಿನ ತರಗತಿಯ ಲೆಕ್ಕದಲ್ಲಿ. ಸಮೀಕರಣವನ್ನು ನಕ್ಷೆಯಲ್ಲಿ ಬಿಡಿಸುವ ಪ್ರಶ್ನೆ ನೋಡಿ. ಮೂರರಲ್ಲಿ ಐದು ಕಳೆದು ಮೈನಸ್ ಎರಡು ಬರೆಯುವ ಕಡೆ ಬರೀ ಎರಡು ಎಂದು ಬರೆದರೆ, ಅಕ್ಷದ ಕೆಳಗೆ ಬೀಳಬೇಕಾದ ಬಿಂದು ಮೇಲೆ ಹೋಗಿ ಕೂರುತ್ತದೆ, ಮೂರು ಬಿಂದುಗಳೂ ಒಂದೇ ಗೆರೆಗೆ ಬರುವುದಿಲ್ಲ. ಮಗು ಅಳಿಸಿ ಅಳಿಸಿ ಕೊನೆಗೆ ಪ್ರಶ್ನೆಯನ್ನೇ ಬಿಡುತ್ತದೆ. ಮನೆಯಲ್ಲಿ ದಿನಕ್ಕೆ ಹತ್ತು ಕೂಡುವ, ಕಳೆಯುವ ಲೆಕ್ಕ ಮಾಡಿಸಿ, ಸಾಕು. ನಿಮಗೆ ಗಣಿತ ಬರಲೇಬೇಕೆಂದಿಲ್ಲ. ಪುಸ್ತಕ ತೆರೆಸಿ ಪಕ್ಕದಲ್ಲಿ ಕೂತರಾಯಿತು.

ಹಬ್ಬ, ಜಾತ್ರೆಗೆಂದು ಊರಿಗೆ ಹೋದವರು ಹದಿನೈದು ದಿನ ಅಲ್ಲೇ ಉಳಿಯಬೇಡಿ. ಪರೀಕ್ಷೆಗೆ ಕೂರಲು ಶೇ 75 ಹಾಜರಾತಿ ಬೇಕು. ಕೆಲಸಕ್ಕಾಗಿ ಊರು ಬಿಡಲೇಬೇಕಾದರೆ ಹೋಗುವ ಮುನ್ನ ತಿಳಿಸಿ. ಎಸ್‌ಎಟಿಎಸ್ ಸಂಖ್ಯೆ ಬರೆದುಕೊಡುತ್ತೇವೆ, ಹೊಸ ಶಾಲೆಯಲ್ಲಿ ಅದೇ ಸಂಖ್ಯೆಯಲ್ಲಿ ಮಗು ಮುಂದುವರಿಯುತ್ತದೆ.

ಎಂಟನೇ ತರಗತಿಯವರು ಎನ್‌ಎಂಎಂಎಸ್ (ಕೇಂದ್ರ ಸರ್ಕಾರದ ವಿದ್ಯಾರ್ಥಿವೇತನ) ಪರೀಕ್ಷೆ ತಪ್ಪಿಸಬೇಡಿ. ಮನೆಯ ವಾರ್ಷಿಕ ಆದಾಯ 3.5 ಲಕ್ಷ ರೂಪಾಯಿ ಮೀರದಿದ್ದು, ಮಗು ಆಯ್ಕೆಯಾದರೆ ಒಂಬತ್ತರಿಂದ ದ್ವಿತೀಯ ಪಿಯುಸಿವರೆಗೆ ವರ್ಷಕ್ಕೆ 12,000 ರೂಪಾಯಿ ಸಿಗುತ್ತದೆ. ನಡುವೆ ಅನುದಾನವಿಲ್ಲದ ಖಾಸಗಿ ಶಾಲೆಗೆ ಸೇರಿಸಿದರೆ ಅದು ನಿಂತುಹೋಗುತ್ತದೆ.

ದಾಖಲಾತಿಗೆ ಬರುವಾಗ ಟಿಸಿ, ಆಧಾರ್, ನಾಡಕಚೇರಿಯ ಜಾತಿ ಮತ್ತು ಆದಾಯ ಪ್ರಮಾಣಪತ್ರ ತನ್ನಿ. ವಿದ್ಯಾರ್ಥಿವೇತನದ ಅರ್ಜಿಗೆ ಆ ಪ್ರಮಾಣಪತ್ರದ ಆರ್‌ಡಿ ಸಂಖ್ಯೆಯೇ ಬೇಕು, ಬ್ಯಾಂಕ್ ಖಾತೆಗೆ ಮಗುವಿನ ಆಧಾರ್ ಜೋಡಣೆಯಾಗಿರಬೇಕು. ಆಧಾರ್‌ನಲ್ಲೊಂದು, ಶಾಲಾ ದಾಖಲೆಯಲ್ಲೊಂದು ಹೆಸರಿದ್ದರೆ ಈಗಲೇ ಹೇಳಿ. ಹತ್ತನೇ ತರಗತಿಯ ಅಂಕಪಟ್ಟಿ ಅಚ್ಚಾದ ಮೇಲೆ ತಿದ್ದಿಸಲು ತಿಂಗಳುಗಟ್ಟಲೆ ಓಡಾಡಬೇಕಾಗುತ್ತದೆ.

ಇಂತಿ,
ಮುಖ್ಯ ಶಿಕ್ಷಕರು
ಸರ್ಕಾರಿ ಪ್ರೌಢಶಾಲೆ