ಅರ್ಧ ಗಂಟೆ ಬೇಗ ಏಳಬೇಕಂತೆ!

ಮಾನ್ಯ ಸಂಪಾದಕರೇ,

ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಗಲ್ಲಿಯನ್ನು ಅಗೆದದ್ದರಿಂದ ಮಕ್ಕಳು ಸೋಮವಾರ ತಡವಾಗಿ ಹೋಗಿ ಶಾಲೆಯ ಗೇಟಿನ ಹೊರಗೆ ನಿಂತ ಸುದ್ದಿಯನ್ನು ಬುಧವಾರ ಹಾಕಿದ್ದೀರಿ. ಸಂತೋಷ. ಆದರೆ ಅದರ ಕೊನೆಯಲ್ಲಿ ಅಧಿಕಾರಿಯೊಬ್ಬರು ಹೇಳಿದ್ದನ್ನು ಓದಿ ಮೈ ಉರಿಯಿತು. ಪೋಷಕರು ಅರ್ಧ ಗಂಟೆ ಬೇಗ ಎದ್ದು, ರಾತ್ರಿಯೇ ತಯಾರಿ ಮಾಡಿಕೊಂಡರೆ ಬೆಳಿಗ್ಗೆ ಈ ಗಡಿಬಿಡಿ ಇರುವುದಿಲ್ಲವಂತೆ.

ಸ್ವಾಮಿ, ನಾನು ಏಳುವುದೇ ನಾಲ್ಕೂಮುಕ್ಕಾಲಿಗೆ. ಅರ್ಧ ಗಂಟೆ ಬೇಗ ಎಂದರೆ ನಾಲ್ಕೂಕಾಲು. ಎದ್ದು ಏನು ಮಾಡಲಿ? ನಲ್ಲಿಯಲ್ಲಿ ನೀರು ಬರುವುದೇ ಐದಕ್ಕೆ, ಹೋಗುವುದು ಆರಕ್ಕೆ.

ಇನ್ನು ರಾತ್ರಿಯ ತಯಾರಿ. ಇಸ್ತ್ರಿ ಮಾಡಿದ ಯೂನಿಫಾರ್ಮ್ ಕುರ್ಚಿಯ ಮೇಲೆ, ಸಾಕ್ಸ್ ಬೂಟಿನೊಳಗೆ, ಹೆಚ್ಚಿದ ತರಕಾರಿ ಫ್ರಿಜ್ಜಿನಲ್ಲಿ. ಟೈಮ್‌ಟೇಬಲ್ ನೋಡಿ ಚೀಲ ತುಂಬಿಸುವುದು ಎರಡನೇ ಕ್ಲಾಸಿನ ಮಗಳದೇ ಕೆಲಸ. ಬೆಳಿಗ್ಗೆ "ಬೇಗ ಬೇಗ" ಎಂದು ಕಿರುಚುವುದನ್ನು ಬಿಟ್ಟು ಒಂದು ವರ್ಷವಾಯಿತು. ಈಗ ರೇಡಿಯೋ ಹಚ್ಚುತ್ತೇನೆ, ಹಾಡು ಮುಗಿಯುವುದರೊಳಗೆ ಹಲ್ಲುಜ್ಜಿ ಬರಬೇಕು. ಮೂರು ವರ್ಷದ ಚಿಕ್ಕವನಿಗೆ ಕೇಳುವುದು ಒಂದೇ ಪ್ರಶ್ನೆ, ದೋಸೆಗೆ ಬೆಲ್ಲವಾ ಚಟ್ನಿಯಾ ಎಂದು. "ಏನು ತಿಂತೀಯಾ" ಎಂದು ಕೇಳಿದರೆ ಅಲ್ಲಿಗೆ ಮುಗಿಯಿತು. ಇದೆಲ್ಲ ಅಳು, ಪೆಟ್ಟು ಎಲ್ಲ ಆದ ಮೇಲೆ ನಾವೇ ಕಲಿತದ್ದು. ಯಾವ ಸಾಹೇಬರೂ ಬಂದು ಹೇಳಿಕೊಟ್ಟದ್ದಲ್ಲ.

ಭಾನುವಾರ ರಾತ್ರಿ ಹನ್ನೊಂದಕ್ಕೆ ಜೆಸಿಬಿ ತಂದು ಗಲ್ಲಿಯ ಬಾಯಿಯನ್ನೇ ಅಗೆದರು. ಸೊಸೈಟಿಗೆ ಒಂದು ಚೀಟಿ ಇಲ್ಲ. ಅದೂ ಜುಲೈ ಮಳೆಯಲ್ಲಿ! ಬೆಳಿಗ್ಗೆ ನೋಡಿದರೆ ತಗಡಿನ ಬೋರ್ಡು: "ಕಾಮ್ ಚಾಲೂ ಆಹೆ. ಗೈರಸೋಯೀಬದ್ದಲ್ ಕ್ಷಮಸ್ವ." ಕೆಲಸ ನಡೆಯುತ್ತಿದೆ, ತೊಂದರೆಗೆ ಕ್ಷಮಿಸಿ ಎಂದು ಮರಾಠಿಯಲ್ಲಿ. ಆಯ್ತು, ಕ್ಷಮಿಸಿದೆವು. ವ್ಯಾನಿನವರು ಕ್ಷಮಿಸಬೇಕಲ್ಲ? ಆರೂ ಇಪ್ಪತ್ತಕ್ಕೆ ಅವರ ಫೋನ್, ಮಕ್ಕಳನ್ನು ಮೇನ್ ರೋಡಿಗೆ ಕರೆತನ್ನಿ ಎಂದು. ಯಜಮಾನರು ಆಗಲೇ ಲೋಕಲ್ ರೈಲು ಹತ್ತಿಯಾಗಿತ್ತು. ಅತ್ತೆ ಊರಿಗೆ ಹೋಗಿದ್ದಾರೆ. ಚಿಕ್ಕವನು ಸೊಂಟದಲ್ಲಿ, ಮಗಳ ಚೀಲ ಹೆಗಲಲ್ಲಿ, ಕೈಯಲ್ಲಿ ಛತ್ರಿ. ಗುಂಡಿಯ ಮೇಲೆ ಒಂದು ಹಲಗೆ. ಹಲಗೆ ದಾಟಿದೆವು, ಆಚೆ ಕೆಸರಿನಲ್ಲಿ ಮಗಳ ಎಡಗಾಲು ಹೂತಿತು. ಕಾಲು ಬಂತು, ಬೂಟು ಬರಲಿಲ್ಲ. ಕೈ ಹಾಕಿ ಎಳೆದೆ. ಒಳಗೆ ಗಂಟು ಕಟ್ಟಿದ ಸಾಕ್ಸ್, ಅದರ ತುಂಬ ರಾಡಿ. ಅವಳು ಅಳಲಿಲ್ಲ. "ಅಮ್ಮಾ, ಇವತ್ತು ಪಿ.ಟಿ. ಇದೆ, ಬಿಳಿ ಬೂಟು ಬೇಕು" ಎಂದಳು. ಅಳು ಬಂದದ್ದು ನನಗೆ.

ವ್ಯಾನ್ ಹೋಗಿತ್ತು. ರಿಕ್ಷಾಕ್ಕೆ 80 ರೂಪಾಯಿ. ಏಳಕ್ಕೆ ಮುಚ್ಚಿದ ಗೇಟು ತೆರೆಯುವವರೆಗೆ ಇಪ್ಪತ್ತು ನಿಮಿಷ ಮಳೆಯಲ್ಲಿ ನಿಂತೆವು. ಮುಂದಿನದು ನಿಮ್ಮ ಸುದ್ದಿಯಲ್ಲೇ ಇದೆ.

ಏಳು ಗಂಟೆ ಎಂದಾಗ ನೆನಪಾಯಿತು. ಪುಟ್ಟ ಮಕ್ಕಳಿಗೆ ನಿದ್ದೆ ಸಾಲುವುದಿಲ್ಲ, ಶಾಲೆಯ ಹೊತ್ತು ಬದಲಿಸಿ ಎಂದು 2023ರ ಡಿಸೆಂಬರಿನಲ್ಲಿ ಮಹಾರಾಷ್ಟ್ರದ ಆಗಿನ ರಾಜ್ಯಪಾಲರಾದ ರಮೇಶ್ ಬೈಸ್ ಅವರೇ ಹೇಳಿದ್ದರು. 2024ರ ಫೆಬ್ರವರಿ 8ರಂದು ಸರಕಾರದ ಆದೇಶವೂ ಬಂತು. ನಾಲ್ಕನೇ ಕ್ಲಾಸಿನವರೆಗೆ ಒಂಬತ್ತಕ್ಕೆ ಮುಂಚೆ ಶಾಲೆ ಶುರು ಮಾಡಬಾರದು ಎಂದು. ಆವತ್ತು ನಾನು ಮನೆಯಲ್ಲಿ ಪಾಯಸ ಮಾಡಿದ್ದೆ! ನಮ್ಮ ಶಾಲೆಯಲ್ಲಿ ಕೇಳಿದರೆ ಎರಡು ಪಾಳಿ, ವ್ಯಾನ್ ಸಿಗುವುದಿಲ್ಲ ಎಂದರು. ಈಗಲೂ ಏಳೇ. ಈ ವಯಸ್ಸಿಗೆ ಒಂಬತ್ತರಿಂದ ಹನ್ನೆರಡು ಗಂಟೆ ನಿದ್ದೆ ಬೇಕೆಂದು ಡಾಕ್ಟರುಗಳು ಹೇಳುತ್ತಾರೆ. ಐದೂವರೆಗೆ ಏಳಬೇಕಾದರೆ ಎಂಟೂವರೆಗೆ ಮಲಗಬೇಕು. ಅಪ್ಪ ಮನೆಗೆ ಬರುವುದೇ ಒಂಬತ್ತಕ್ಕೆ. ಅಪ್ಪನ ಮುಖವನ್ನು ಭಾನುವಾರ ನೋಡಿದರೆ ಸಾಕು ಅಂತಲೋ?

ಚೀಲದ ಕಥೆಯೂ ಹಾಗೇ. ಮಗುವಿನ ತೂಕದ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಇರಬಾರದು ಎಂದು 2020ರಲ್ಲಿ ದೇಶಕ್ಕೇ ನೀತಿ ಬಂತು. ಮಗಳು 21 ಕಿಲೋ. ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ಇಟ್ಟು ನೋಡಿದೆ, ಚೀಲ ನಾಲ್ಕು ಕಿಲೋ ಚಿಲ್ಲರೆ. ಅದರಲ್ಲಿ ನೀರಿನ ಬಾಟಲಿ ಬೇರೆ, ಯಾಕೆಂದರೆ... ಬಿಡಿ, ಅದನ್ನು ಬರೆಯಲು ಹೋದರೆ ಇನ್ನೊಂದು ಪತ್ರವಾಗುತ್ತದೆ.

ಗಲ್ಲಿಯ ದೀಪಕ್ಕಾಗಿ ಹೋದ ವರ್ಷ ನಾಲ್ಕು ಸಲ ಕಚೇರಿಗೆ ಹೋಗಿದ್ದೆ. ಪ್ರತಿ ಸಲವೂ "ತಾಯಿ, ಉದ್ಯಾ ಯಾ", ಅಂದರೆ ನಾಳೆ ಬನ್ನಿ. ಮರಾಠಿಯಲ್ಲಿ ತಾಯಿ ಎಂದರೆ ಅಕ್ಕ, ಮರ್ಯಾದೆಗೇನೂ ಕಮ್ಮಿ ಇಲ್ಲ. ನಮ್ಮ ಊರ ಕಡೆ ಹಿಂದೆ ದೆವ್ವ ಬಾರದಿರಲಿ ಎಂದು ಬಾಗಿಲ ಮೇಲೆ "ನಾಳೆ ಬಾ" ಎಂದು ಬರೆಯುತ್ತಿದ್ದರು. ಈ ಕಚೇರಿಯವರಿಗೆ ನಾವು ಹಾಗೆ ಕಾಣುತ್ತೇವೋ ಏನೋ. ದೀಪ ಇನ್ನೂ ಬಂದಿಲ್ಲ.

ಆ ಗುಂಡಿಯನ್ನು ತಕ್ಷಣ ಮುಚ್ಚಬೇಕು. ಮುಚ್ಚಲಾಗದಿದ್ದರೆ ಅಗೆಯುವ ಮುಂಚೆ ಹೇಳಬೇಕು. ಒಂಬತ್ತು ಗಂಟೆಯ ಆದೇಶ ನಡೆಸಬೇಕು, ಇಲ್ಲವೇ ಸುಮ್ನೆ ವಾಪಸ್ ತಗೊಳ್ಳಬೇಕು, ನಮಗೂ ಆಸೆ ಉಳಿಯುವುದಿಲ್ಲ. ಯಾರು ಮಾಡಬೇಕೋ ಅವರು ಮಾಡಲಿ. ಸಲಹೆ ಕೊಟ್ಟ ಸಾಹೇಬರು ಒಂದು ದಿನ, ಒಂದೇ ದಿನ, ಬೆಳಿಗ್ಗೆ ಆರೂ ಇಪ್ಪತ್ತಕ್ಕೆ ಆ ಹಲಗೆಯ ಮೇಲೆ ನಡೆದು ತೋರಿಸಲಿ. ಅರ್ಧ ಗಂಟೆ ಬೇಗ ಎದ್ದು ಬರಲಿ.

ಇಬ್ಬರು ಮಕ್ಕಳ ತಾಯಿ,
ಡೊಂಬಿವಲಿ ಪೂರ್ವ