ಮಕ್ಕಳ ಮೇಲೆ 'ಕಲಿಕಾ ಶೈಲಿ'ಯ ಸೀಲು ಬೇಡ

ಮಾನ್ಯ ಸಂಪಾದಕರೇ,

ಶಾಲೆ ಶುರುವಾಗುವ ಹೊತ್ತಿಗೆ ಅಪ್ಪ ಅಮ್ಮಂದಿರ ಖರ್ಚಿನ ಪಟ್ಟಿ ಮೊದಲೇ ಉದ್ದ. ಫೀಸು, ಯೂನಿಫಾರ್ಮು, ಶೂ, ನಮ್ಮ ಕರಾವಳಿಯಲ್ಲಾದರೆ ಕೊಡೆ, ರೈನ್‌ಕೋಟು. ಈಗ ಅದಕ್ಕೆ ಇನ್ನೊಂದು ಸೇರಿದೆ. ಉಡುಪಿ ಆಸುಪಾಸಿನ ಕೆಲವು ಖಾಸಗಿ ಶಾಲೆಗಳು ಮಕ್ಕಳಿಗೆ 'ಲರ್ನಿಂಗ್ ಸ್ಟೈಲ್ ಟೆಸ್ಟ್' ಮಾಡಿಸಿ, ಬಣ್ಣದ ರಿಪೋರ್ಟ್ ಕೊಟ್ಟು, ಅದಕ್ಕೆ ಬೇರೆಯೇ ದುಡ್ಡು ತೆಗೆದುಕೊಳ್ಳುತ್ತಿವೆ. ನಿಮ್ಮ ಮಗು ನೋಡಿ ಕಲಿಯುತ್ತದೋ, ಕೇಳಿ ಕಲಿಯುತ್ತದೋ, ಓದಿ ಬರೆದು ಕಲಿಯುತ್ತದೋ, ಕೈಯಾರೆ ಮಾಡಿ ('ಕೈನೆಸ್ಥೆಟಿಕ್') ಕಲಿಯುತ್ತದೋ ಎಂದು ಪೈ ಚಾರ್ಟ್ ಹಾಕಿರುತ್ತಾರೆ. ಈ ದುಡ್ಡು ದಂಡ ಎಂದು ಹೇಳಲಿಕ್ಕೆ ಈ ಪತ್ರ.

ನಾನು ಸಂತೆಕಟ್ಟೆಯಲ್ಲಿ ಮನೆಯ ಜಗಲಿಯಲ್ಲೇ ಟ್ಯೂಷನ್ ಮಾಡುವವಳು. ಬಿ.ಎಡ್. ಮುಗಿಸಿ ಕೆಲವು ವರ್ಷ ಶಾಲೆಯಲ್ಲೂ ಪಾಠ ಮಾಡಿದ್ದೇನೆ. ಐದರಿಂದ ಹತ್ತನೆಯ ಕ್ಲಾಸಿನವರೆಗಿನ ಮಕ್ಕಳು ಬರುತ್ತಾರೆ. ಸರ್ಕಾರಿ ಕನ್ನಡ ಶಾಲೆಯವರೂ ಇದ್ದಾರೆ, ಇಂಗ್ಲಿಷ್ ಮೀಡಿಯಂನವರೂ ಇದ್ದಾರೆ. ಮಕ್ಕಳು ಹೇಗೆ ಕಲಿಯುತ್ತಾರೆ ಎಂದು ಹೇಳಿದ ಮನೋವಿಜ್ಞಾನಿಗಳಾದ ಪಿಯಾಜೆ, ವೈಗಾಟ್ಸ್ಕಿ ಇಬ್ಬರೂ 1896ರಲ್ಲೇ ಹುಟ್ಟಿದವರು ಎಂಬುದು ನನಗೆ ಈಗಲೂ ನೆನಪಿದೆ. ಒಂದು ಮಾರ್ಕಿಗೆ ಬರಬಹುದು ಎಂದು ಬಾಯಿಪಾಠ ಮಾಡಿದ್ದೆ. ಅವರು ಹೇಳಿದ್ದು ಎಂತ ಎಂದು ಅರ್ಥವಾದದ್ದು ಮಾತ್ರ ಮಕ್ಕಳ ಜೊತೆ ಕೂತ ಮೇಲೆ.

ಕಳೆದ ವರ್ಷ ಏಳನೆಯ ಕ್ಲಾಸಿನ ಒಬ್ಬ ಹುಡುಗ ಇಂಥದೇ ರಿಪೋರ್ಟ್ ಹಿಡಿದು ಬಂದ. ಅಪ್ಪ ಮಲ್ಪೆಯಲ್ಲಿ ಬೋಟಿಗೆ ಹೋಗುವವರು. ಇತಿಹಾಸದ ಪಾಠ ಓದು ಎಂದರೆ ಅವನ ಉತ್ತರ: "ಟೀಚರ್, ನಾನು ಕೈನೆಸ್ಥೆಟಿಕ್. ನಂಗೆ ಓದಿದ್ರೆ ತಲೆಗೆ ಹೋಗುದಿಲ್ಲ." ಹೋಂವರ್ಕ್ ತಪ್ಪಿಸಲಿಕ್ಕೆ ಇಷ್ಟು ದೊಡ್ಡ ಶಬ್ದವನ್ನು ನನ್ನ ಜಗಲಿಯಲ್ಲಿ ಅಲ್ಲಿವರೆಗೆ ಯಾರೂ ಹೇಳಿರಲಿಲ್ಲ! ನಗು ಬಂತು. ಆದರೆ ಅವನ ಅಮ್ಮನಿಗೆ ಅದು ನಗುವ ವಿಷಯ ಆಗಿರಲಿಲ್ಲ. "ಇವನಿಗೆ ಪುಸ್ತಕ ಆಗ್ಲಿಕ್ಕಿಲ್ಲ ಅಂತ ಬರ್ದಿದ್ದಾರಲ್ಲ, ಮುಂದೆ ಎಂತ ಮಾಡುವುದು?" ಎಂದು ನಿಜವಾಗಿಯೂ ಹೆದರಿದ್ದರು. ಹನ್ನೆರಡು ವರ್ಷದ ಹುಡುಗ ಓದುವ ಅಭ್ಯಾಸವನ್ನು ಬಿಡಲಿಕ್ಕೆ ಶಾಲೆಯೇ ಒಂದು ಸರ್ಟಿಫಿಕೇಟ್ ಕೊಟ್ಟ ಹಾಗಾಯಿತು.

ಈ ನಾಲ್ಕು ವಿಧದ ವಿಂಗಡಣೆ ಬಂದದ್ದು ನ್ಯೂಜಿಲೆಂಡಿನಿಂದ. ನೀಲ್ ಫ್ಲೆಮಿಂಗ್ ಎಂಬವರು 1992ರಲ್ಲಿ ಕಾಲೀನ್ ಮಿಲ್ಸ್ ಜೊತೆ ಸೇರಿ ಇದನ್ನು ಪ್ರಕಟಿಸಿದರು. 'ವಾರ್ಕ್' ಎಂದು ಕರೆಯುತ್ತಾರೆ. ನಾನು ಹೇಗೆ ಓದುತ್ತೇನೆ ಎಂದು ವಿದ್ಯಾರ್ಥಿ ತಾನೇ ಯೋಚಿಸಲಿ ಎಂಬುದು ಅವರ ಉದ್ದೇಶ. ಇಂಥ ಮಾದರಿ ಇದೊಂದೇ ಅಲ್ಲ. ಬ್ರಿಟನ್ನಿನ ಫ್ರಾಂಕ್ ಕಾಫೀಲ್ಡ್ ಮತ್ತು ಸಂಗಡಿಗರು 2004ರಲ್ಲಿ ಕೂತು ಲೆಕ್ಕ ಹಾಕಿದಾಗ 71 ಸಿಕ್ಕಿದವು. ಒಂದೇ ಮಗು ಒಂದರಲ್ಲಿ ಒಂದು ಜಾತಿ, ಇನ್ನೊಂದರಲ್ಲಿ ಇನ್ನೊಂದು ಜಾತಿ. ಯಾವುದನ್ನು ನಂಬುವುದು ಮಾರಾಯ್ರೆ?

ಪಾಠವನ್ನು ಮಗುವಿನ ಶೈಲಿಗೆ ಹೊಂದಿಸಿದರೆ ಜಾಸ್ತಿ ಕಲಿಯುತ್ತದೆ ಎಂಬುದು ಈ ರಿಪೋರ್ಟ್ ಮಾರುವವರ ಮುಖ್ಯ ಮಾತು. ಇದನ್ನು ಪರೀಕ್ಷಿಸಿ ನೋಡುವುದು ಕಷ್ಟವೇನಲ್ಲ. 'ನೋಡಿ ಕಲಿಯುವ' ಮಕ್ಕಳಲ್ಲಿ ಅರ್ಧ ಜನರಿಗೆ ಚಿತ್ರದಲ್ಲಿ, ಅರ್ಧ ಜನರಿಗೆ ಮಾತಿನಲ್ಲಿ ಪಾಠ ಮಾಡಿ. 'ಕೇಳಿ ಕಲಿಯುವ' ಮಕ್ಕಳಿಗೂ ಹಾಗೆಯೇ ಮಾಡಿ. ಕೊನೆಗೆ ಎಲ್ಲರಿಗೂ ಒಂದೇ ಪರೀಕ್ಷೆ ಕೊಡಿ. ಮೊದಲ ಗುಂಪಿನವರು ಚಿತ್ರದ ಪಾಠದಲ್ಲೂ, ಎರಡನೆಯ ಗುಂಪಿನವರು ಮಾತಿನ ಪಾಠದಲ್ಲೂ ಮುಂದೆ ಬಂದರೆ ಆಗ ನಂಬಬಹುದು. 2008ರಲ್ಲಿ ಅಮೆರಿಕದ ಹೆರಾಲ್ಡ್ ಪ್ಯಾಶ್ಲರ್, ರಾಬರ್ಟ್ ಬ್ಯೋರ್ಕ್ ಸೇರಿದಂತೆ ನಾಲ್ವರು ಮನೋವಿಜ್ಞಾನಿಗಳು ಹೀಗೆ ಸರಿಯಾಗಿ ಮಾಡಿದ ಅಧ್ಯಯನಗಳು ಎಲ್ಲಿವೆ ಎಂದು ಹುಡುಕಿದರು. ಸಿಕ್ಕಿದ್ದೇ ಬೆರಳೆಣಿಕೆಯಷ್ಟು. ಅವುಗಳಲ್ಲೂ ಕೆಲವು ಉಲ್ಟಾ ಫಲಿತಾಂಶ ಕೊಟ್ಟಿದ್ದವು. ಶೈಲಿ ನೋಡಿ ಪಾಠ ಮಾಡಬೇಕು ಎನ್ನಲಿಕ್ಕೆ ಸಾಕಷ್ಟು ಆಧಾರ ಇಲ್ಲ ಎಂದು ಅವರು ಬರೆದರು.

ಕೆಲವರು ಇದಕ್ಕೆ ಅಮೆರಿಕದ ಮನೋವಿಜ್ಞಾನಿ ಹೊವಾರ್ಡ್ ಗಾರ್ಡ್ನರ್ ಹೆಸರನ್ನೂ ಸೇರಿಸುತ್ತಾರೆ. ಅವರು 1983ರಲ್ಲಿ ಹೇಳಿದ್ದು ಬಹುವಿಧ ಬುದ್ಧಿಶಕ್ತಿಯ ವಿಚಾರ, ಅಂದರೆ ಬುದ್ಧಿ ಒಂದೇ ಬಗೆಯದಲ್ಲ, ಹಲವು ಬಗೆಯದು ಎಂದು. ಅದೂ ಇದೂ ಒಂದೇ ಅಲ್ಲ ಎಂದು 2013ರಲ್ಲಿ ಅವರೇ ಬರೆಯಬೇಕಾಯಿತು.

ಸುಮ್ನೆ ನಮ್ಮೂರಿನ ಯಕ್ಷಗಾನ ತರಗತಿಗೆ ಹೋಗಿ ನೋಡಿ. ಗುರುಗಳು ಬಾಯಲ್ಲಿ ತಾಳ ಹೇಳುತ್ತಾರೆ, ಕಾಲಲ್ಲಿ ಹೆಜ್ಜೆ ತೋರಿಸುತ್ತಾರೆ, ಮಕ್ಕಳು ಕುಣಿಯುತ್ತಾರೆ. ಕೇಳಿ ಕಲಿಯುವವರು ಈಚೆ ಬನ್ನಿ, ನೋಡಿ ಕಲಿಯುವವರು ಆಚೆ ಹೋಗಿ ಎಂದು ಸಾಲು ಮಾಡುವುದಿಲ್ಲ. ಹೆಜ್ಜೆಗೆ ಮೂರೂ ಬೇಕು. ಹಾಗೆಯೇ ಶರಾವತಿ ಎಲ್ಲಿ ಹುಟ್ಟಿ ಎಲ್ಲಿ ಸಮುದ್ರ ಸೇರುತ್ತದೆ ಎಂಬುದಕ್ಕೆ ನಕ್ಷೆ ಬೇಕು. ಷಟ್ಪದಿಯ ಓಟ ಕಿವಿಗೆ ಬೀಳಬೇಕು. ಕೈವಾರದಲ್ಲಿ ವೃತ್ತ ಎಳೆಯುವುದು ಕೈಗೇ ಬರಬೇಕು. ಹೇಗೆ ಕಲಿಸಬೇಕು ಎಂಬುದನ್ನು ಪಾಠವೇ ಹೇಳುತ್ತದೆ.

ಈ ರಿಪೋರ್ಟಿನಿಂದ ಹಾನಿಯೇನೂ ಇಲ್ಲವಲ್ಲ, ಇದ್ದರೆ ಇರಲಿ ಎನ್ನುವವರೂ ಇದ್ದಾರೆ. ಅವರಿಗೆ ಇನ್ನೊಂದು ಮಗುವಿನ ಕಥೆ ಹೇಳಬೇಕು. ಆರನೆಯ ಕ್ಲಾಸಿನ ಹುಡುಗಿ. 'ಕೇಳಿ ಕಲಿಯುವ ಮಗು' ಎಂದು ಬರೆದಿದ್ದರು. ಪ್ರಶ್ನೆಗಳಿಗೆ ಅವಳೇ ಟಿಕ್ ಹಾಕಿದ್ದು ಹಾಗೆ: ಬೋರ್ಡಿಗಿಂತ ಟೀಚರ್ ಹೇಳುವುದು ಇಷ್ಟ, ಚಿತ್ರ ನೋಡುವುದು ಅಷ್ಟಕ್ಕಷ್ಟೆ. ಸರಿ, ಇವಳಿಗೆ ಬೋರ್ಡ್ ಮುಖ್ಯವಲ್ಲ ಎಂದು ಹಿಂದಿನ ಬೆಂಚಿಗೆ ಕಳಿಸಿದರು. ನನ್ನ ಜಗಲಿಯಲ್ಲಿ ಅವಳು ಪುಸ್ತಕವನ್ನು ಮೂಗಿಗೆ ತಾಗಿಸಿ ಓದುತ್ತಿದ್ದಳು. ಒಮ್ಮೆ ಕಣ್ಣು ತೋರಿಸಿ ಎಂದೆ. ತೋರಿಸಿದರು. ಮೈನಸ್ ಪವರ್, ಅದೂ ಸಣ್ಣದೇನಲ್ಲ. ಪಾಪ, ಬೋರ್ಡ್ ಕಾಣುತ್ತಿರಲಿಲ್ಲ, ಅದಕ್ಕೇ ಕೇಳಿ ಕಲಿಯುತ್ತಿದ್ದಳು. ಸರ್ಕಾರಿ ಶಾಲೆಗಳಿಗಾದರೆ ಆರ್‌ಬಿಎಸ್‌ಕೆ (ಸರ್ಕಾರದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ) ತಂಡದವರು ಬಂದು ಮಕ್ಕಳ ಆರೋಗ್ಯ ನೋಡುತ್ತಾರೆ. ರಿಪೋರ್ಟಿಗೆ ದುಡ್ಡು ತೆಗೆದುಕೊಂಡ ಶಾಲೆ ಅದೇ ದುಡ್ಡಿನಲ್ಲಿ ಎಲ್ಲ ಮಕ್ಕಳ ಕಣ್ಣು, ಕಿವಿ ಪರೀಕ್ಷೆ ಮಾಡಿಸಬಹುದಿತ್ತು.

ಓದಿ ಬರೆಯುವುದೇ ಕಷ್ಟವಾಗುವ ಡಿಸ್‌ಲೆಕ್ಸಿಯಾದಂಥ ಕಲಿಕಾ ತೊಂದರೆ ಇದರಿಂದ ಪೂರ್ತಿ ಬೇರೆ. ಅದು ನಿಜವಾದ ತೊಂದರೆ, ತಜ್ಞರೇ ನೋಡಬೇಕು. ಎಸ್ಸೆಸ್ಸೆಲ್ಸಿಯಲ್ಲಿ ಅಂಥ ಮಕ್ಕಳಿಗೆ ಹೆಚ್ಚುವರಿ ಸಮಯದಂಥ ರಿಯಾಯಿತಿಯೂ ಉಂಟು. ಎರಡನ್ನೂ ಒಂದೇ ಚೀಲಕ್ಕೆ ಹಾಕಬಾರದು.

ಮಕ್ಕಳ ನಡುವೆ ವ್ಯತ್ಯಾಸವೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಬೇಕಾದಷ್ಟು ಉಂಟು. ಆದರೆ ನಾನು ಕಂಡಂತೆ ದೊಡ್ಡ ವ್ಯತ್ಯಾಸ ಇರುವುದು ಅವರಿಗೆ ಮೊದಲೇ ಎಂತ ಗೊತ್ತಿದೆ ಎಂಬುದರಲ್ಲಿ. ಅಮೆರಿಕದ ಮನೋವಿಜ್ಞಾನಿ ಡೇವಿಡ್ ಆಸುಬೆಲ್ ಈ ಮಾತನ್ನು 1968ರಲ್ಲೇ ಹೇಳಿದ್ದರು: ಕಲಿಕೆಯ ಮೇಲೆ ಅತಿ ಹೆಚ್ಚು ಪ್ರಭಾವ ಬೀರುವುದು ಮಗುವಿಗೆ ಈಗಾಗಲೇ ತಿಳಿದಿರುವುದು, ಅದನ್ನು ಕಂಡುಕೊಂಡು ಅಲ್ಲಿಂದ ಕಲಿಸಿ ಎಂದು. ನಮ್ಮಲ್ಲಿ ಇದು ಎದ್ದು ಕಾಣುತ್ತದೆ. ಮನೆಯಲ್ಲಿ ತುಳು ಅಥವಾ ಕೊಂಕಣಿ ಅಥವಾ ಬ್ಯಾರಿ, ಅಂಗಡಿಯಲ್ಲಿ ಕನ್ನಡ, ಪುಸ್ತಕದಲ್ಲಿ ಇಂಗ್ಲಿಷ್. ಮಗು ಲೆಕ್ಕದಲ್ಲಿ ತಪ್ಪಿತೋ, ಲೆಕ್ಕ ಬರೆದಿರುವ ಭಾಷೆಯಲ್ಲಿ ತಪ್ಪಿತೋ ಎಂದು ಪೈ ಚಾರ್ಟ್ ಹೇಳುವುದಿಲ್ಲ.

ಆ ಕೈನೆಸ್ಥೆಟಿಕ್ ಹುಡುಗನಿಗೆ ಅನುಪಾತದ ಲೆಕ್ಕ ಬರುತ್ತಿರಲಿಲ್ಲ. ಪುಸ್ತಕದಲ್ಲಿ ಯಾರೋ ಇಬ್ಬರು ಪಾಲುದಾರರು ಲಾಭವನ್ನು 3:2ರಲ್ಲಿ ಹಂಚಿಕೊಳ್ಳುತ್ತಾರೆ. ನಾನು ಪುಸ್ತಕ ಮುಚ್ಚಿ, ನಿನ್ನ ಅಪ್ಪನ ಬೋಟಿನಲ್ಲಿ ಡೀಸೆಲ್, ಐಸ್ ಖರ್ಚು ಕಳೆದು ಉಳಿದ ದುಡ್ಡನ್ನು ಹೇಗೆ ಪಾಲು ಹಾಕುತ್ತಾರೆ ಎಂದು ಕೇಳಿದೆ. ಬೋಟಿಗೆಷ್ಟು, ಬೋಟು ನಡೆಸುವ ತಾಂಡೇಲನಿಗೆಷ್ಟು, ಉಳಿದವರಿಗೆಷ್ಟು ಎಂದು ಪಟಪಟ ಹೇಳಿದ. ಬರೆದು ತೋರಿಸು ಎಂದೆ. ಬರೆದ. ಆಮೇಲೆ ಪುಸ್ತಕದ ಲೆಕ್ಕಕ್ಕೆ ಹೋದೆವು. ಎರಡು ಕಡೆ ಸಣ್ಣ ಸುಳಿವು ಬೇಕಾಯಿತು, ಅಷ್ಟೆ. ವೈಗಾಟ್ಸ್ಕಿ ಹೇಳಿದ್ದು ಇದನ್ನೇ ಅಲ್ವಾ? ಮಗು ಒಬ್ಬನೇ ಮಾಡಲಾರದ, ಆದರೆ ಸ್ವಲ್ಪ ಆಸರೆ ಸಿಕ್ಕಿದರೆ ಮಾಡಬಲ್ಲ ಜಾಗ ಒಂದುಂಟು. ಕಲಿಸುವವರ ಕೆಲಸ ಇರುವುದು ಅಲ್ಲಿ. ಇಷ್ಟಕ್ಕೂ ಅವನು ಕೂತಲ್ಲೇ ಕೂತು, ಪೆನ್ಸಿಲ್ ಹಿಡಿದು, ಕಾಗದದ ಮೇಲೆ ಇದನ್ನು ಕಲಿತ. ಕುಣಿಯಲಿಲ್ಲ.

ಇನ್ನು ಮೌಲ್ಯಮಾಪನದ ವಿಷಯ. ನನಗೆ ಜಾಸ್ತಿ ಬೇಸರ ಇರುವುದು ಇಲ್ಲಿಯೇ.

ನನ್ನ ಕ್ಲಾಸಿನಲ್ಲಿ ಮೊದಲ ಕೆಲಸ ಪುಸ್ತಕ ಮುಚ್ಚುವುದು. ನಿನ್ನೆ ಓದಿದ್ದರಲ್ಲಿ ನೆನಪಿರುವುದನ್ನು ಬರೆಯಿರಿ ಎನ್ನುತ್ತೇನೆ. ಹೋದ ವಾರದ್ದೂ ಒಂದೆರಡು ಪ್ರಶ್ನೆ ಇರುತ್ತವೆ. ಆಮೇಲೆ ಪುಸ್ತಕ ತೆರೆದು ಅವರೇ ತಪ್ಪು ನೋಡಿಕೊಳ್ಳುತ್ತಾರೆ. ಮಾರ್ಕ್ಸ್ ಇಲ್ಲ. ಇದಕ್ಕೆ ಗಟ್ಟಿ ಆಧಾರ ಉಂಟು. 2006ರಲ್ಲಿ ಅಮೆರಿಕದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕ್ ಕಾಲೇಜು ವಿದ್ಯಾರ್ಥಿಗಳಿಗೆ ಸೂರ್ಯನ ಬಗ್ಗೆ, ಕಡಲ ನೀರುನಾಯಿಯ ಬಗ್ಗೆ ಸಣ್ಣ ಪಾಠಗಳನ್ನು ಕೊಟ್ಟರು. ಒಂದು ಗುಂಪು ನಾಲ್ಕು ಸರದಿಯಲ್ಲೂ ಓದಿತು. ಇನ್ನೊಂದು ಗುಂಪು ಒಂದು ಸರದಿ ಓದಿ, ಉಳಿದ ಮೂರರಲ್ಲಿ ನೋಡದೆ ನೆನಪಿಸಿಕೊಂಡು ಬರೆಯಿತು. ಐದು ನಿಮಿಷ ಬಿಟ್ಟು ಕೇಳಿದಾಗ ಓದಿದವರೇ ಮುಂದೆ. ಒಂದು ವಾರ ಬಿಟ್ಟು ಕೇಳಿದಾಗ ಬರೀ ಓದಿದವರಿಗೆ ಸುಮಾರು ಶೇ. 40ರಷ್ಟು ನೆನಪಿತ್ತು, ನೆನಪಿಸಿಕೊಂಡು ಬರೆದವರಿಗೆ ಸುಮಾರು ಶೇ. 61ರಷ್ಟು. ಪರೀಕ್ಷೆಯ ಹಿಂದಿನ ರಾತ್ರಿ ಹೈಲೈಟರ್ ಹಿಡಿದು ಓದಿದ್ದನ್ನೇ ಓದುವ ಮಕ್ಕಳಿಗೆ ಬೆಳಿಗ್ಗೆ ಎಲ್ಲ ಗೊತ್ತಿದೆ ಅನಿಸುವುದು, ಮುಂದಿನ ತಿಂಗಳು ಎಲ್ಲ ಖಾಲಿಯಾಗುವುದು ಇದೇ ಕಾರಣಕ್ಕೆ. ಇದರಲ್ಲಿ ಇಂಥ ಶೈಲಿಯವರಿಗೆ ಮಾತ್ರ ಎಂಬ ಷರತ್ತೇನೂ ಇಲ್ಲ.

ಅಂದರೆ ಪರೀಕ್ಷೆ ಎಂಬುದು ಅಳೆಯಲಿಕ್ಕೆ ಮಾತ್ರ ಇರುವುದಲ್ಲ, ಅದರಿಂದಲೇ ಕಲಿಯಲಿಕ್ಕೂ ಆಗುತ್ತದೆ. ನಮ್ಮ ಶಾಲಾ ವ್ಯವಸ್ಥೆಯಲ್ಲಿ ಇದಕ್ಕೆ ಜಾಗ ಇಲ್ಲವೆಂದಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯೇ ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನ ಬೇಕು, ಮಗುವಿಗೆ ಭಯ ಆತಂಕ ಇರಬಾರದು ಎನ್ನುತ್ತದೆ. ಅದರಂತೆ ವರ್ಷಕ್ಕೆ ನಾಲ್ಕು ರೂಪಣಾತ್ಮಕ ಮೌಲ್ಯಮಾಪನ, ಎರಡು ಸಂಕಲನಾತ್ಮಕ ಮೌಲ್ಯಮಾಪನ ಇವೆ. ಮಕ್ಕಳ ಬಾಯಲ್ಲಿ ಎಫ್‌ಎ, ಎಸ್‌ಎ. ಈ ಎರಡನ್ನು ಬೇರೆ ಮಾಡಿ ಹೇಳಿದ್ದು 1967ರಲ್ಲಿ ಮೌಲ್ಯಮಾಪನ ತಜ್ಞ ಮೈಕೆಲ್ ಸ್ಕ್ರಿವೆನ್. ಒಂದು, ಕೆಲಸ ನಡೆಯುತ್ತಿರುವಾಗಲೇ ತಿದ್ದಿಕೊಳ್ಳಲಿಕ್ಕೆ. ಇನ್ನೊಂದು, ಮುಗಿದ ಮೇಲೆ ತೀರ್ಪು ಕೊಡಲಿಕ್ಕೆ. ಈಗ ನಮ್ಮಲ್ಲಿ ನಡೆಯುತ್ತಿರುವುದು ಎಂತ? ಎಫ್‌ಎ ಎಂದರೆ ಸಣ್ಣ ಎಸ್‌ಎ. ಅದರ ಜೊತೆಗೆ ಪ್ರಾಜೆಕ್ಟ್. ಪ್ರಾಜೆಕ್ಟ್ ಎಂದರೆ ಥರ್ಮೋಕೋಲ್, ಜೆರಾಕ್ಸ್ ಅಂಗಡಿಯ ಪ್ರಿಂಟೌಟ್, ರಾತ್ರಿ ಹನ್ನೊಂದಕ್ಕೆ ಅಮ್ಮನ ಕೈಬರಹ. ಅಮ್ಮನಿಗೆ ಹತ್ತಕ್ಕೆ ಒಂಬತ್ತು! ಟೀಚರುಗಳನ್ನು ದೂರಿ ಪ್ರಯೋಜನವಿಲ್ಲ. ಅಂಕ ತುಂಬಿಸುವುದರಲ್ಲೇ ಅವರ ಸಂಜೆ ಮುಗಿಯುತ್ತದೆ.

ಅಂಕದ ಬಗ್ಗೆ ಇಸ್ರೇಲಿನ ರೂತ್ ಬಟ್ಲರ್ 1988ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಎಲ್ಲ ಪೋಷಕರಿಗೂ ಗೊತ್ತಾಗಬೇಕು. ಐದು, ಆರನೆಯ ಕ್ಲಾಸಿನ ಮಕ್ಕಳು. ಕೆಲವರಿಗೆ ಅಂಕ ಮಾತ್ರ ಕೊಟ್ಟರು. ಕೆಲವರಿಗೆ, ಎಲ್ಲಿ ಸರಿ, ಎಲ್ಲಿ ತಿದ್ದಬೇಕು ಎಂದು ಮಾತು ಮಾತ್ರ. ಇನ್ನು ಕೆಲವರಿಗೆ ಎರಡೂ. ಮುಂದಿನ ಕೆಲಸದಲ್ಲಿ ಸುಧಾರಿಸಿದವರು, ಆಸಕ್ತಿ ಉಳಿಸಿಕೊಂಡವರು ಮಾತು ಮಾತ್ರ ಸಿಕ್ಕಿದವರು. ಎರಡೂ ಸಿಕ್ಕಿದವರಿಗೆ ಮಾತಿನ ಲಾಭ ಸಿಗಲಿಲ್ಲ. ನನಗೆ ಇದರಲ್ಲಿ ಆಶ್ಚರ್ಯ ಕಾಣಲಿಲ್ಲ. ಎಫ್‌ಎ ಪೇಪರ್ ಕೈಗೆ ಬಂದಾಗ ಮಗು ಮೊದಲು ನೋಡುವುದು ಕೆಂಪು ಅಂಕೆ, ಎರಡನೆಯದು ಪಕ್ಕದವನ ಕೆಂಪು ಅಂಕೆ. ಮೂರನೆಯದಕ್ಕೆ ಬೆಲ್ ಆಗುತ್ತದೆ.

ನಮ್ಮ ಎರಡು ಜಿಲ್ಲೆಗಳಿಗೆ ಅಂಕೆಯ ಮೋಹ ಸ್ವಲ್ಪ ಜಾಸ್ತಿಯೇ ಎನ್ನಬೇಕು. 2024ರ ಎಸ್ಸೆಸ್ಸೆಲ್ಸಿಯಲ್ಲಿ ಉಡುಪಿ ಶೇ. 94ರೊಂದಿಗೆ ರಾಜ್ಯಕ್ಕೇ ಮೊದಲು, ದಕ್ಷಿಣ ಕನ್ನಡ ಎರಡನೆಯದು. ಮರುವರ್ಷ ದಕ್ಷಿಣ ಕನ್ನಡ ಶೇ. 91.12ರೊಂದಿಗೆ ಮೊದಲು, ನಾವು ಎರಡನೆಯವರು. ಖುಷಿಪಡಬೇಕಾದದ್ದೇ. ಮಕ್ಕಳೂ ಶಿಕ್ಷಕರೂ ಕಷ್ಟಪಟ್ಟಿದ್ದಾರೆ. ಆದರೆ ಆ ಅಂಕೆ ಬರುವುದು ಹತ್ತು ವರ್ಷದ ಕೊನೆಗೆ. ಆರನೆಯ ಕ್ಲಾಸಿನಲ್ಲಿ ಭಿನ್ನರಾಶಿ ಕೈಕೊಟ್ಟ ಮಗುವಿಗೆ ಆವತ್ತೇ ಒಂದು ಸಾಲು ಬರೆದು ಹೇಳಿದ್ದರೆ, ಹತ್ತನೆಯ ಕ್ಲಾಸಿನ ಬೀಜಗಣಿತಕ್ಕೆ ಅಷ್ಟು ಟ್ಯೂಷನ್ ಬೇಕಾಗುತ್ತಿರಲಿಲ್ಲ. ಹೀಗೆ ಹೇಳುವುದರಿಂದ ನನ್ನ ವ್ಯಾಪಾರಕ್ಕೇ ಪೆಟ್ಟು, ಇರಲಿ.

ಶಿಕ್ಷಣ ಇಲಾಖೆಗೆ ನನ್ನ ಕೋರಿಕೆ ಸಣ್ಣದು. ನಾಲ್ಕು ಎಫ್‌ಎಗಳಲ್ಲಿ ಒಂದನ್ನಾದರೂ ಅಂಕವಿಲ್ಲದೆ ನಡೆಸಲು ಬಿಡಿ. ಪ್ರತಿ ಮಗುವಿನ ಪೇಪರಿನಲ್ಲಿ ಎರಡೇ ಸಾಲು: ಯಾವುದು ಬಂತು, ಮುಂದೆ ಯಾವುದನ್ನು ಮಾಡಬೇಕು. ಆನ್‌ಲೈನಿನಲ್ಲಿ ಅಂಕ ತುಂಬಿಸುವ ಹೊತ್ತು ಉಳಿದರೆ ಟೀಚರಿಗೆ ಇದು ಹೊರೆಯಾಗಲಿಕ್ಕಿಲ್ಲ. ಪೋಷಕರಲ್ಲಿ ಕೇಳುವುದು, ಬಣ್ಣದ ರಿಪೋರ್ಟಿಗೆ ಸಹಿ ಹಾಕುವ ಮೊದಲು ಶಾಲೆಯವರನ್ನು ಒಂದು ಮಾತು ವಿಚಾರಿಸಿ: ಇದನ್ನು ನೋಡಿ ನೀವು ನನ್ನ ಮಗುವಿಗೆ ಪಾಠ ಹೇಗೆ ಬದಲಿಸುತ್ತೀರಿ? ನಲವತ್ತು ಮಕ್ಕಳ ಕ್ಲಾಸಿನಲ್ಲಿ ನಾಲ್ಕು ಶೈಲಿಯ ಪಾಠ ಯಾರೂ ಮಾಡುವುದಿಲ್ಲ. ಹಾಗಾದರೆ ಈ ಕಾಗದ ಯಾತಕ್ಕೆ?

ಎಫ್‌ಎ-1 ಹೇಗೂ ಮಳೆಗಾಲದಲ್ಲೇ ಬರುತ್ತದೆ. ಮನಸ್ಸಿರುವ ಮುಖ್ಯ ಶಿಕ್ಷಕರು ಈ ವರ್ಷದಿಂದಲೇ ಒಂದು ಕ್ಲಾಸಿನಲ್ಲಿ, ಒಂದು ವಿಷಯದಲ್ಲಿ ಈ ಅಂಕವಿಲ್ಲದ ಎಫ್‌ಎಯನ್ನು ಮಾಡಿ ನೋಡಲಿ. ಅಂಕ ಇಲಾಖೆಗೆ ಬೇಕೇ ಬೇಕೆಂದಾದರೆ ರಿಜಿಸ್ಟರಿನಲ್ಲಿ ಬರೆದುಕೊಳ್ಳಲಿ, ಮಗುವಿನ ಪೇಪರಿನಲ್ಲಿ ಬೇಡ.

ಇತಿ,
ಒಬ್ಬ ಟ್ಯೂಷನ್ ಟೀಚರ್
ಸಂತೆಕಟ್ಟೆ, ಉಡುಪಿ