ಕಂಪ್ಯೂಟರ್ ಸರಿಮಾಡಿಕೊಡುತ್ತೇವೆಂದು ಫೋನು ಬಂದರೆ

ಶಿರಸಿ

ಚಿ. ಸಹನಾಳಿಗೆ ಸೋದರಮಾವನ ಆಶೀರ್ವಾದಗಳು.

ಇಲ್ಲಿ ನಾವೆಲ್ಲ ಕ್ಷೇಮ. ಮಿರ್ಜಾನಿನಲ್ಲಿ ಗ್ರಾಮ ಒನ್ ಕೇಂದ್ರ ಶುರುಮಾಡಿದ್ದಕ್ಕೆ ಶುಭಾಶಯವನ್ನು ಫೋನಿನಲ್ಲೇ ಹೇಳಿದ್ದೇನೆ. ಈ ಪತ್ರ ಬೇರೆ ವಿಷಯಕ್ಕೆ. ನಿನ್ನ ಮೇಜಿನ ಮೇಲಿರುವ ಕಂಪ್ಯೂಟರಿನಲ್ಲಿ ಊರಿನ ಜನರ ಆಧಾರ್, ಪಹಣಿ, ಪಿಂಚಣಿ ಅರ್ಜಿ ಎಲ್ಲ ಓಡಾಡುತ್ತವೆ. ಆ ಕಂಪ್ಯೂಟರಿಗೆ "ತೊಂದರೆಯಾಗಿದೆ, ಸರಿಮಾಡಿಕೊಡುತ್ತೇವೆ" ಎಂದು ಯಾರೋ ಫೋನು ಮಾಡಿಯೇ ಮಾಡುತ್ತಾರೆ. ಆಗ ಏನೇನು ನಡೆಯುತ್ತದೆ ಎಂದು ಮೊದಲೇ ಗೊತ್ತಿದ್ದರೆ ಒಳ್ಳೆಯದು.

ಓಟಿಪಿ ಕೊಡಬೇಡಿ ಎಂದು ಎಲ್ಲರೂ ಹೇಳುತ್ತಾರೆ. ಸರಿಯೇ, ಆದರೆ ಓಟಿಪಿ ಕೇಳುವ ಹೊತ್ತಿಗೆ ಎದುರಿನವರು ಆಗಲೇ ಹೆದರಿ ಅರ್ಧ ಸೋತಿರುತ್ತಾರೆ. ಸೋಲಿಸುವ ಕೆಲಸ ಮೊದಲ ಹತ್ತು ನಿಮಿಷದಲ್ಲೇ ಮುಗಿದಿರುತ್ತದೆ. ಫೋನು ಮಾಡಿದವನು ಆಗ ಹೆಚ್ಚಾಗಿ ಸುಳ್ಳು ಪರದೆ ತೋರಿಸುವುದೂ ಇಲ್ಲ. ನಿನ್ನ ಕಂಪ್ಯೂಟರಿನಲ್ಲೇ ಇರುವ, ಆದರೆ ನೀನು ಎಂದೂ ತೆರೆದು ನೋಡದ ಪರದೆಗಳನ್ನು ನಿನ್ನ ಕೈಯಿಂದಲೇ ತೆರೆಸುತ್ತಾನೆ. ಪರದೆ ನಿಜ, ಅವನು ಹೇಳುವ ಅರ್ಥ ಸುಳ್ಳು. ಅದಕ್ಕೇ ಒಂದು ಭಾನುವಾರ ಗಿರಾಕಿ ಇಲ್ಲದ ಹೊತ್ತಿನಲ್ಲಿ ಕೂತು ಅವನ್ನೆಲ್ಲ ನೀನೇ ತೆರೆದು ನೋಡಿಬಿಡು.

ವಿಂಡೋಸ್ ಕೀ ಒತ್ತಿ ಹಿಡಿದು ಆರ್ ಒತ್ತು. ಎಡಗಡೆ ಮೂಲೆಯಲ್ಲಿ ರನ್ ಎಂಬ ಸಣ್ಣ ಪೆಟ್ಟಿಗೆ ಬರುತ್ತದೆ. ಅದರಲ್ಲಿ ಇ-ವಿ-ಇ-ಎನ್-ಟಿ-ವಿ-ಡಬ್ಲ್ಯೂ-ಆರ್ ಎಂದು ಟೈಪ್ ಮಾಡಿ ಎಂಟರ್ ಕೊಡು. ಇವೆಂಟ್ ವ್ಯೂವರ್ ತೆರೆಯುತ್ತದೆ. ಎಡಗಡೆ ಕಸ್ಟಮ್ ವ್ಯೂಸ್, ಅದರೊಳಗೆ ಅಡ್ಮಿನಿಸ್ಟ್ರೇಟಿವ್ ಇವೆಂಟ್ಸ್. ಕೆಂಪು ಗುರುತಿನ ಎರರ್, ಹಳದಿ ತ್ರಿಕೋನದ ವಾರ್ನಿಂಗ್ ಸಾಲುಸಾಲಾಗಿ ಕಾಣುತ್ತವೆ, ನೂರಾರು ಇರಬಹುದು, ಸಾವಿರವೂ ಇರಬಹುದು. "ನೋಡಿ ಮೇಡಂ, ಇಷ್ಟೂ ವೈರಸ್, ಒಂದನ್ನಾದರೂ ಡಿಲೀಟ್ ಮಾಡಲು ಪ್ರಯತ್ನಿಸಿ, ಆಗುವುದಿಲ್ಲ" ಎನ್ನುತ್ತಾನೆ. ನಿಜ, ಅಲ್ಲಿ ಒಂದೊಂದು ಸಾಲನ್ನು ಅಳಿಸಲು ಆಗುವುದಿಲ್ಲ. ಯಾಕೆಂದರೆ ಅದು ಬರೀ ದಿನಚರಿ ಪುಸ್ತಕ. ಯಾವುದೋ ಸರ್ವೀಸ್ ಹೊತ್ತಿಗೆ ಸರಿಯಾಗಿ ಶುರುವಾಗದಿದ್ದರೂ ಅಲ್ಲಿ ಒಂದು ಸಾಲು ಬೀಳುತ್ತದೆ. ಡಿಸ್ಟ್ರಿಬ್ಯೂಟೆಡ್‌ಕಾಮ್ 10016 ಎಂಬುದು ಆರೋಗ್ಯವಾಗಿರುವ ಯಂತ್ರದಲ್ಲೂ ಕಾಣುತ್ತದೆ, ಅದನ್ನು ಬಿಟ್ಟುಬಿಡಬಹುದು ಎಂದು ಮೈಕ್ರೋಸಾಫ್ಟೇ ಹೇಳಿದೆ. ಇನ್ನು ನಮ್ಮ ಕಡೆಯ ಮಳೆಗಾಲ ನಿನಗೆ ಗೊತ್ತೇ ಇದೆ. ಯುಪಿಎಸ್ ಇಲ್ಲದೆ ಕರೆಂಟ್ ಹೋದಾಗಲೆಲ್ಲ, ಮತ್ತೆ ಚಾಲೂ ಮಾಡಿದಾಗ ಕರ್ನಲ್-ಪವರ್ 41 ಎಂಬ ದಾಖಲೆ ಬೀಳುತ್ತದೆ, ಪಕ್ಕದಲ್ಲಿ ಕ್ರಿಟಿಕಲ್ ಎಂದು ಬರೆದಿರುತ್ತದೆ. ಆಷಾಢ ಕಳೆಯುವಷ್ಟರಲ್ಲಿ ಅಂಥವು ಎಷ್ಟೋ ಸೇರಿರುತ್ತವೆ. ಅದು ಕರೆಂಟಿನ ಲೆಕ್ಕ, ಕಳ್ಳರ ಲೆಕ್ಕ ಅಲ್ಲ.

ಮತ್ತೆ ಅದೇ ರನ್ ಪೆಟ್ಟಿಗೆಯಲ್ಲಿ ಸಿ-ಎಂ-ಡಿ ಎಂದು ಹಾಕು. ಕಪ್ಪು ಕಿಟಕಿಯಲ್ಲಿ ಎ-ಎಸ್-ಎಸ್-ಒ-ಸಿ ಎಂದು ಟೈಪ್ ಮಾಡು. ಸರಸರ ಓಡಿದ ಪಟ್ಟಿಯ ಕೊನೆಯ ಹತ್ತಿರ ಝಡ್‌ಎಫ್‌ಸೆಂಡ್‌ಟುಟಾರ್ಗೆಟ್ ಎಂಬ ಸಾಲು, ಅದರ ಮುಂದೆ 888ಡಿಸಿಎ60 ಎಂದು ಶುರುವಾಗುವ ಉದ್ದದ ಸಂಖ್ಯೆ. ಮೋಸಗಾರ ಇದನ್ನು ನಿನಗಿಂತ ಮೊದಲೇ ತನ್ನ ಕಡೆಯಿಂದ ಓದಿ ಹೇಳುತ್ತಾನೆ. "ಇದು ನಿಮ್ಮ ಕಂಪ್ಯೂಟರಿನ ಲೈಸೆನ್ಸ್ ನಂಬರ್, ಕಂಪನಿಯವರಲ್ಲದಿದ್ದರೆ ನನಗೆ ಹೇಗೆ ಗೊತ್ತಾಗಬೇಕು?" ಎಂದು ಕೇಳುತ್ತಾನೆ. ಎಷ್ಟೋ ಓದಿದವರು ಬಿದ್ದಿರುವುದು ಇಲ್ಲೇ. ಆ ಸಂಖ್ಯೆ ಎಲ್ಲ ವಿಂಡೋಸ್ ಯಂತ್ರದಲ್ಲೂ ಒಂದೇ. ಎಲ್ಲರ ಮನೆಯ ಕ್ಯಾಲೆಂಡರಿನಲ್ಲೂ ಇವತ್ತಿನ ತಾರೀಕು ಒಂದೇ ಇದ್ದ ಹಾಗೆ. ನಂಬಿಕೆ ಬಾರದಿದ್ದರೆ ಪಕ್ಕದ ಪಂಚಾಯ್ತಿ ಆಫೀಸಿನ ಕಂಪ್ಯೂಟರಿನಲ್ಲೂ ಹಾಕಿ ನೋಡು.

ಎನ್-ಇ-ಟಿ-ಎಸ್-ಟಿ-ಎ-ಟಿ ಎಂದು ಹಾಕಿದರೆ ಫಾರಿನ್ ಅಡ್ರೆಸ್ ಎಂಬ ಕಾಲಂ ಬರುತ್ತದೆ. ವಿದೇಶಿಯರು ಒಳಗೆ ಕೂತಿದ್ದಾರೆ ಎನ್ನುತ್ತಾನೆ. ಅವು ನಿನ್ನ ಬ್ರೌಸರ್ ಮಾತಾಡುತ್ತಿರುವ ಎದುರು ತುದಿಯ ವಿಳಾಸಗಳು, ಜಿಮೇಲ್ ಒಂದೇ ತೆರೆದಿದ್ದರೂ ಹಲವು ಇರುತ್ತವೆ. ಟಿ-ಆರ್-ಇ-ಇ ಎಂದರೆ ಫೋಲ್ಡರುಗಳ ಹೆಸರು ಮಳೆ ಸುರಿದಂತೆ ಇಳಿಯುತ್ತವೆ. ದೂರದಿಂದ ನಿನ್ನ ಕಂಪ್ಯೂಟರನ್ನು ನಡೆಸಲು ಆಗಲೇ ಬಿಟ್ಟುಕೊಟ್ಟಿದ್ದರೆ, ಅದು ಓಡುತ್ತಿರುವಾಗಲೇ ಅವನು ತನ್ನ ಕೀಬೋರ್ಡಿನಲ್ಲಿ "ವೈರಸ್ ಸಿಕ್ಕಿದೆ" ಎಂದು ಹೊಡೆದಿಡುತ್ತಾನೆ, ಪಟ್ಟಿ ನಿಂತ ಮೇಲೆ ಕಂಪ್ಯೂಟರೇ ಹೇಳಿದ ಹಾಗೆ ಆ ಅಕ್ಷರ ಕೊನೆಯಲ್ಲಿ ಮೂಡುತ್ತದೆ.

ಫೋನು ತಾನಾಗಿ ಬರುವ ಬದಲು ನೀನೇ ಮಾಡುವ ಹಾಗೆ ಮಾಡುವುದೂ ಉಂಟು. ಉಚಿತ ಪಿಡಿಎಫ್ ಮಾಡಿಕೊಡುವ ಸೈಟು, ಸಿನಿಮಾ ಸೈಟು, ಒಂದಕ್ಷರ ತಪ್ಪಿ ಟೈಪ್ ಮಾಡಿದ ವಿಳಾಸ, ಇಂಥ ಕಡೆಯಿಂದ ಇದ್ದಕ್ಕಿದ್ದಂತೆ ಇಡೀ ಪರದೆ ತುಂಬ ಕೆಂಪು-ನೀಲಿ ಎಚ್ಚರಿಕೆ, ಸೈರನ್ ಸದ್ದು, "ಕಂಪ್ಯೂಟರ್ ಆಫ್ ಮಾಡಬೇಡಿ, ಈ ನಂಬರಿಗೆ ಕರೆಮಾಡಿ" ಎಂಬ ಧ್ವನಿ. ಮೌಸಿನ ಬಾಣವೂ ಕಾಣದಿರಬಹುದು. ಅದು ಬರೀ ಒಂದು ವೆಬ್ ಪುಟ. ನಿನ್ನ ಯಂತ್ರದೊಳಗೆ ವೈರಸ್ ಇದೆಯೋ ಇಲ್ಲವೋ ಎಂದು ಒಂದು ವೆಬ್ ಪುಟಕ್ಕೆ ಗೊತ್ತಾಗುವುದಿಲ್ಲ. ವಿಂಡೋಸಿನಲ್ಲೇ ಇರುವ ಆಂಟಿವೈರಸ್ಸಾದ ಡಿಫೆಂಡರಿನ ನಿಜವಾದ ಎಚ್ಚರಿಕೆ ಬಲಗಡೆ ಕೆಳಮೂಲೆಯಲ್ಲಿ ಸದ್ದು ಗದ್ದಲ ಇಲ್ಲದೆ ಬರುತ್ತದೆ. ಮೈಕ್ರೋಸಾಫ್ಟಿನ ಎಚ್ಚರಿಕೆಯಲ್ಲಿ ಫೋನ್ ನಂಬರ್ ಇರುವುದೇ ಇಲ್ಲ. ನಂಬರ್ ಕಂಡರೆ ಅಲ್ಲಿಗೆ ತೀರ್ಮಾನವಾಯಿತು.

ಅದರಿಂದ ಹೊರಬರಲು ಎಸ್ಕೇಪ್ ಕೀಯನ್ನು ಎರಡು ಮೂರು ಸೆಕೆಂಡ್ ಒತ್ತಿ ಹಿಡಿ, ಫುಲ್ ಸ್ಕ್ರೀನ್ ಬಿಡುತ್ತದೆ, ಆಮೇಲೆ ಟ್ಯಾಬ್ ಮುಚ್ಚು. ಜಗ್ಗದಿದ್ದರೆ ಆಲ್ಟ್ ಎಫ್4. ಅದಕ್ಕೂ ಜಗ್ಗದಿದ್ದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರಿನಲ್ಲಿ ಬ್ರೌಸರ್ ಆರಿಸಿ ಎಂಡ್ ಟಾಸ್ಕ್ ಕೊಡು. ಏನೂ ತೋಚದಿದ್ದರೆ ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿ. ಮತ್ತೆ ಬ್ರೌಸರ್ ತೆರೆದಾಗ "ಹಳೆಯ ಪುಟ ತೆರೆಯಲೇ?" ಎಂದು ಕೇಳುತ್ತದೆ, ಬೇಡ ಎನ್ನು, ಇಲ್ಲದಿದ್ದರೆ ಅದೇ ಸೈರನ್ ಮತ್ತೆ ಬರುತ್ತದೆ. ಮೂಲೆಯಲ್ಲಿ ಆಗಾಗ ವೈರಸ್ ಎಚ್ಚರಿಕೆ ಇಣುಕುತ್ತಿದ್ದರೆ ಹಿಂದೆ ಎಂದೋ ಯಾವುದೋ ಸೈಟಿನ ನೋಟಿಫಿಕೇಶನ್‌ಗೆ ಅಲೋ (ಒಪ್ಪಿಗೆ) ಒತ್ತಿದ್ದು ಕಾರಣ. ಕ್ರೋಮ್ ಸೆಟ್ಟಿಂಗ್ಸಿನಲ್ಲಿ ಪ್ರೈವಸಿ, ಸೈಟ್ ಸೆಟ್ಟಿಂಗ್ಸ್, ನೋಟಿಫಿಕೇಶನ್ಸ್‌ಗೆ ಹೋಗಿ ಗುರುತಿಲ್ಲದ ಹೆಸರುಗಳನ್ನೆಲ್ಲ ತೆಗೆದುಹಾಕು.

ಇನ್ನೊಂದು ದಾರಿ ನಿನ್ನಂಥ ಕೇಂದ್ರಕ್ಕೆ ಹೆಚ್ಚು ಅಪಾಯದ್ದು. ಪ್ರಿಂಟರ್ ನಿಂತಿತು, ಎದುರಿಗೆ ನಾಲ್ಕು ಜನ ಕಾಯುತ್ತಿದ್ದಾರೆ, ಗಡಿಬಿಡಿಯಲ್ಲಿ ಕಸ್ಟಮರ್ ಕೇರ್ ನಂಬರ್ ಎಂದು ಗೂಗಲ್ಲಿನಲ್ಲಿ ಹುಡುಕುತ್ತೀಯ. ಮೇಲೆ ಬಂದದ್ದು ದುಡ್ಡು ಕೊಟ್ಟು ಹಾಕಿಸಿದ ಜಾಹೀರಾತು ಇರಬಹುದು, ಮ್ಯಾಪಿನಲ್ಲಿ ಯಾರೋ ಬದಲಿಸಿಟ್ಟ ನಂಬರೂ ಇರಬಹುದು. ಎತ್ತಿದವನು ಬಹಳ ಮರ್ಯಾದೆಯಿಂದ ದೂರು ಬರೆದುಕೊಂಡು, "ರಿಜಿಸ್ಟ್ರೇಶನ್‌ಗೆ 10 ರೂಪಾಯಿ ಮಾತ್ರ" ಎಂದು ಲಿಂಕ್ ಕಳಿಸುತ್ತಾನೆ. ಅವನಿಗೆ ಆ ಹತ್ತು ರೂಪಾಯಿ ಬೇಕಾಗಿಲ್ಲ, ಆ ಪುಟದಲ್ಲಿ ನೀನು ತುಂಬುವ ಕಾರ್ಡ್ ವಿವರ, ಯುಪಿಐ ಪಿನ್ ಬೇಕು. ಅಥವಾ ದೂರದಿಂದಲೇ ಪರದೆ ನೋಡಲು ಬಿಡುವ ಎನಿಡೆಸ್ಕ್ ಎಂಬ ಆ್ಯಪನ್ನು ಮೊಬೈಲಿಗೆ ಹಾಕಿಸಿ ಪರದೆ ನೋಡುತ್ತಾ ಬಂದ ಓಟಿಪಿಯನ್ನು ತಾನೇ ಓದಿಕೊಳ್ಳುತ್ತಾನೆ. ಆಗ ನೀನು ಬಾಯಿಬಿಟ್ಟು ಓಟಿಪಿ ಹೇಳಲೇಬೇಕೆಂದಿಲ್ಲ. ರಿಸರ್ವ್ ಬ್ಯಾಂಕ್ 2019ರ ಫೆಬ್ರವರಿಯಲ್ಲೇ ಈ ಬಗ್ಗೆ ಬ್ಯಾಂಕುಗಳನ್ನು ಎಚ್ಚರಿಸಿತ್ತು. ಪ್ರಿಂಟರ್, ಬೆರಳಚ್ಚಿನ ಯಂತ್ರ, ಇಂಟರ್ನೆಟ್, ಮೂರರ ನಂಬರನ್ನೂ ವಾರಂಟಿ ಕಾರ್ಡು, ಬಿಲ್ಲುಗಳಿಂದ ನೋಡಿ ಬರೆದು ಗೋಡೆಗೆ ಅಂಟಿಸು. ಗಡಿಬಿಡಿಯಲ್ಲಿ ಹುಡುಕುವ ಕೆಲಸವೇ ಬೇಡ.

ಪರದೆಯ ಮೇಲೆ ಮೈಕ್ರೋಸಾಫ್ಟ್ ಸಪೋರ್ಟ್ ಎಂದೋ ಬ್ಯಾಂಕ್ ಎಂದೋ ಹೆಸರು ತೋರಿಸಿತು ಎಂದು ನಂಬಬೇಡ. ಟ್ರೂಕಾಲರಿನ ಹೆಸರು ಜನ ಬರೆದದ್ದು, ಮೋಸಗಾರನೂ ಜನರಲ್ಲಿ ಒಬ್ಬ. ಬ್ಯಾಂಕುಗಳ ವ್ಯವಹಾರದ ಕರೆಗೆ 1600ರಿಂದ ಶುರುವಾಗುವ ನಂಬರುಗಳನ್ನು ಗೊತ್ತುಮಾಡಿದ್ದಾರೆ. ಹತ್ತಂಕಿಯ ಮೊಬೈಲಿನಿಂದ "ಬ್ಯಾಂಕಿನ ಟೆಕ್ನಿಕಲ್ ವಿಭಾಗ" ಎಂದರೆ ಅಲ್ಲೇ ಇಟ್ಟುಬಿಡು. ವಿಂಡೋಸ್ 10ಕ್ಕೆ ಕಂಪನಿಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದದ್ದು ನಿಜ. ಅದನ್ನೇ ಹಿಡಿದು "ನಿಮ್ಮ ವಿಂಡೋಸ್ ಎಕ್ಸ್‌ಪೈರ್ ಆಗಿದೆ, ಐದು ವರ್ಷದ ಪ್ಲಾನ್ ತಗೊಳ್ಳಿ" ಎಂಬ ಕರೆಯೂ ಬರಬಹುದು. ಯಂತ್ರವೇನೂ ನಿಲ್ಲುವುದಿಲ್ಲ. ಹನ್ನೊಂದಕ್ಕೆ ಹೋಗಬಹುದೇ ಎಂದು ಸೆಟ್ಟಿಂಗ್ಸಿನ ವಿಂಡೋಸ್ ಅಪ್‌ಡೇಟಿನಲ್ಲಿ ನೋಡು, ಯಂತ್ರ ತಾಳುವಂತಿದ್ದರೆ ಅದು ಉಚಿತ.

ಈಗ ತೊಡಕಿನ ಜಾಗಕ್ಕೆ ಬರೋಣ. ನಿಜವಾದ ಸರ್ವೀಸಿನವರೂ ಎನಿಡೆಸ್ಕ್, ಟೀಮ್‌ವ್ಯೂವರ್ ಕೇಳುತ್ತಾರೆ. ಬೆರಳಚ್ಚಿನ ಡ್ರೈವರ್ ಹಾಕಲು, ಬಿಲ್ಲಿಂಗ್ ಸಾಫ್ಟ್‌ವೇರ್ ಸರಿಮಾಡಲು ಕುಮಟೆಯಿಂದ ಪ್ರತಿ ಸಲ ಯಾರು ಬರುತ್ತಾರೆ? ಆದ್ದರಿಂದ "ಎನಿಡೆಸ್ಕ್ ಎಂದರೆ ಮೋಸ" ಎಂದು ಹೇಳಿದರೆ ನಿನ್ನ ಕೆಲಸ ನಡೆಯುವುದಿಲ್ಲ, ನೀನೂ ಒಂದು ವಾರದಲ್ಲಿ ಆ ನಿಯಮ ಮುರಿಯುತ್ತೀಯ. ನೋಡಬೇಕಾದದ್ದು ಕರೆ ಯಾವ ಕಡೆಯಿಂದ ಶುರುವಾಯಿತು ಎಂದು. ನೀನು ದೂರು ಕೊಟ್ಟು, ಗೋಡೆಯ ಮೇಲಿನ ನಂಬರಿಗೆ ನೀನೇ ಮಾಡಿದ ಕರೆಯಾದರೆ ಮುಂದುವರಿ. ಅವರಾಗಿ ಮಾಡಿದ್ದಾದರೆ, ನಿಜವಾದವರೇ ಇದ್ದರೂ, ಇಟ್ಟು ನೀನು ತಿರುಗಿ ಮಾಡು. ನಿಜವಾದವರು ಬೇಸರ ಮಾಡಿಕೊಳ್ಳುವುದಿಲ್ಲ. "ಫೋನು ಇಡಬೇಡಿ, ಇಟ್ಟರೆ ಡೇಟಾ ಹೋಗುತ್ತದೆ" ಎನ್ನುವವನು ಯಾರೆಂದು ಹೇಳಬೇಕಾಗಿಲ್ಲ.

ಪರದೆ ಕೊಡುವ ಮುಂಚೆ ಸೇವಾ ಸಿಂಧು, ಬ್ಯಾಂಕು, ಜಿಮೇಲ್ ಎಲ್ಲದರಿಂದ ಲಾಗೌಟ್ ಆಗು. ಕೆಲಸ ಮುಗಿಯುವ ತನಕ ಎದ್ದು ಹೋಗಬೇಡ, ಚಹಾ ಕುಡಿಯಲೂ ಬೇಡ. ಪರದೆ ಕಪ್ಪಾಯಿತೆಂದರೆ ಅವನು ನಿನಗೆ ಕಾಣದಂತೆ ಏನೋ ಮಾಡುತ್ತಿದ್ದಾನೆ, ನೆಟ್ ಕೇಬಲ್ ಕಿತ್ತುಬಿಡು. ಮುಗಿದ ಮೇಲೆ ಎನಿಡೆಸ್ಕನ್ನು ಬರೀ ಮುಚ್ಚುವುದು ಸಾಲದು, ಅನ್‌ಇನ್‌ಸ್ಟಾಲ್ ಮಾಡು. ಅದರಲ್ಲಿ ಅನ್‌ಅಟೆಂಡೆಡ್ ಆಕ್ಸೆಸ್ ಎಂದು ಪಾಸ್‌ವರ್ಡ್ ಹಾಕಿಟ್ಟರೆ ನೀನು ಒಪ್ಪಿಗೆ ಒತ್ತದೆಯೇ ರಾತ್ರಿ ಹೊತ್ತು ಒಳಗೆ ಬರಬಹುದು. ಮೊಬೈಲಿನಲ್ಲಿ ಮಾತ್ರ ಇಂಥ ಆ್ಯಪ್ ಯಾರು ಕೇಳಿದರೂ ಹಾಕಬೇಡ, ಅಲ್ಲಿ ಯಾವ ವಿನಾಯಿತಿಯೂ ಇಲ್ಲ. ವಾಟ್ಸ್ಆ್ಯಪಿನಲ್ಲಿ ಬರುವ ಎಪಿಕೆ ಫೈಲಿಗೂ (ಒತ್ತಿದರೆ ಆ್ಯಪ್ ಹಾಕುವ ಫೈಲು) ಇದೇ ಮಾತು.

ದುಡ್ಡು ವಾಪಸ್ ಕೊಡುವ ಆಟವನ್ನೂ ತಿಳಿದಿರು. "ಹೋದ ವರ್ಷದ ಆಂಟಿವೈರಸ್ ಹಣ ರಿಫಂಡ್ ಇದೆ" ಎಂದು ಬ್ಯಾಂಕ್ ಪುಟ ತೆರೆಸಿ, ಪರದೆಯ ಮೇಲೆ ಬ್ಯಾಲೆನ್ಸಿನ ಅಂಕಿಯನ್ನು ತಿದ್ದುತ್ತಾನೆ. ಬ್ರೌಸರಿನಲ್ಲಿ ಎಫ್12 ಒತ್ತಿದರೆ ಯಾವ ಪುಟದ ಅಕ್ಷರವನ್ನೂ ಯಾರೂ ತಿದ್ದಬಹುದು, ಖಾತೆಯಲ್ಲಿ ಏನೂ ಬದಲಾಗಿರುವುದಿಲ್ಲ. 5,000ದ ಬದಲು 50,000 ಬಂದುಬಿಟ್ಟಿತು, ಹೆಚ್ಚಿನದ್ದು ಹಿಂದೆ ಕಳಿಸಿ ಎಂದು ಅಳುತ್ತಾನೆ. ಪುಟವನ್ನು ರಿಫ್ರೆಶ್ ಮಾಡು, ಅಂಕಿ ಹಳೆಯದೇ ಬರುತ್ತದೆ. ದುಡ್ಡು ಪಡೆಯಲು ಯುಪಿಐ ಪಿನ್ ಬೇಡ, ಕಳಿಸಲು ಮಾತ್ರ ಬೇಕು. ಇದನ್ನು ಕೇಂದ್ರಕ್ಕೆ ಬರುವ ಅಜ್ಜ ಅಜ್ಜಿಯರಿಗೂ ಹೇಳುತ್ತಿರು.

ಇಷ್ಟಾದರೂ ನೀನೋ ನಿನ್ನ ಗಿರಾಕಿಯೋ ಸಿಕ್ಕಿಬಿದ್ದರೆ ಮೊದಲು ನೆಟ್ ತೆಗೆ, ರೌಟರನ್ನೇ ಆಫ್ ಮಾಡು. ಕೂಡಲೇ ಬೇರೆ ಫೋನಿನಿಂದ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಮಾಡು. ಆ ದುಡ್ಡು ನಿಮಿಷಗಳಲ್ಲಿ ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರುತ್ತಾ ಹೋಗುತ್ತದೆ, ಹಾರುವ ಮುಂಚೆ ತಡೆಹಿಡಿಸಿದರೆ ಮಾತ್ರ ಉಳಿಯುತ್ತದೆ. ಬ್ಯಾಂಕಿನ ಹೆಸರು, ಖಾತೆ ಸಂಖ್ಯೆ, ಮೊತ್ತ, ಹೊತ್ತು, ಯುಪಿಐ ಆದರೆ ಯುಟಿಆರ್ ಎಂಬ 12 ಅಂಕಿಯ ವ್ಯವಹಾರ ಸಂಖ್ಯೆ, ಅವನ ನಂಬರ್ ಕೇಳುತ್ತಾರೆ, ಕೈಯಲ್ಲಿಟ್ಟುಕೊಂಡಿರು. ಬ್ಯಾಂಕಿಗೂ ತಿಳಿಸಿ ದೂರಿನ ಸಂಖ್ಯೆಯನ್ನು ಸಮಯದ ಸಮೇತ ಬರೆದುಕೋ. ರಿಸರ್ವ್ ಬ್ಯಾಂಕಿನ 2017ರ ಜುಲೈ ಸುತ್ತೋಲೆಯ ಪ್ರಕಾರ ಗಿರಾಕಿಯ ತಪ್ಪಿಲ್ಲದೆ ಹೊರಗಿನವರಿಂದ ಆದದ್ದನ್ನು 3 ಕೆಲಸದ ದಿನದೊಳಗೆ ತಿಳಿಸಿದರೆ ಗಿರಾಕಿಗೆ ಹೊಣೆ ಇಲ್ಲ. ತಾನೇ ಪಿನ್, ಓಟಿಪಿ ಕೊಟ್ಟಿದ್ದರೆ ತಿಳಿಸುವ ತನಕದ ನಷ್ಟ ಗಿರಾಕಿಯದು, ತಿಳಿಸಿದ ಮೇಲಿನದ್ದು ಬ್ಯಾಂಕಿನದು. ಸಹಕಾರಿ ಬ್ಯಾಂಕುಗಳಿಗೂ ಅದೇ ಡಿಸೆಂಬರಿನಲ್ಲಿ ಇಂಥದೇ ಸುತ್ತೋಲೆ ಬಂತು. ದೂರಿನ ಸಮಯ ಬರೆದಿಟ್ಟುಕೊಳ್ಳುವುದರ ಬೆಲೆ ಅದು. ಆಮೇಲೆ ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್‌ನಲ್ಲಿ ದೂರು ದಾಖಲಿಸು; ಜಿಲ್ಲೆಯ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ) ಪೊಲೀಸ್ ಠಾಣೆ ಕಾರವಾರದಲ್ಲಿದೆ. ಕರೆ ಬಂದದ್ದಷ್ಟೇ, ದುಡ್ಡು ಹೋಗಿಲ್ಲ ಎಂದರೆ ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಜಾಲತಾಣದಲ್ಲಿ ಚಕ್ಷು ಎಂಬ ವಿಭಾಗದಲ್ಲಿ ನಂಬರ್ ತಿಳಿಸಿದರೆ ಸಾಕು.

ಪಾಸ್‌ವರ್ಡುಗಳನ್ನು ಬೇರೆ ಯಂತ್ರದಲ್ಲಿ ಕೂತು ಬದಲಿಸು, ಇಮೇಲಿನದ್ದು ಮೊದಲು, ಯಾಕೆಂದರೆ ಉಳಿದೆಲ್ಲದರ ರೀಸೆಟ್ ಅಲ್ಲಿಗೇ ಬರುತ್ತದೆ. ಜಿಮೇಲಿನ ಸೆಕ್ಯುರಿಟಿಯಲ್ಲಿ ರಿಕವರಿ ನಂಬರ್ ನಿನ್ನದೇ ಇದೆಯೇ, ಫಿಲ್ಟರಿನಲ್ಲಿ ಬೇರೆಯವರಿಗೆ ಫಾರ್ವರ್ಡ್ ಇದೆಯೇ ನೋಡು. ಕಂಪ್ಯೂಟರಿನ ಇನ್‌ಸ್ಟಾಲ್ಡ್ ಆ್ಯಪ್ಸ್ ಪಟ್ಟಿಯನ್ನು ತಾರೀಕಿನ ಪ್ರಕಾರ ಜೋಡಿಸಿದರೆ ಆ ದಿನ ಸೇರಿದ್ದೆಲ್ಲ ಮೇಲೆ ಬರುತ್ತದೆ, ಫೋಟೋ ತೆಗೆದಿಟ್ಟು ಅಳಿಸು. ಆಮೇಲೆ ಡಿಫೆಂಡರಿನ ಆಫ್‌ಲೈನ್ ಸ್ಕ್ಯಾನ್ ಓಡಿಸು, ಸುಮಾರು ಕಾಲು ಗಂಟೆ. ಗಂಟೆಗಟ್ಟಲೆ ಅವನ ಕೈಯಲ್ಲಿದ್ದ ಯಂತ್ರವಾದರೆ ನನ್ನ ಅಭಿಪ್ರಾಯ ಒಂದೇ: ಕಡತ ಉಳಿಸಿಕೊಂಡು ವಿಂಡೋಸನ್ನೇ ಹೊಸದಾಗಿ ಹಾಕಿಸು.

ಈ ದಂಧೆಯ ಎಷ್ಟೋ ಕಾಲ್ ಸೆಂಟರುಗಳು ನಮ್ಮ ದೇಶದ ನಗರಗಳಲ್ಲೇ ಕೂತು ಅಮೆರಿಕದ ವಯಸ್ಸಾದವರನ್ನು ಸುಲಿಯುತ್ತವೆ. ಮೈಕ್ರೋಸಾಫ್ಟ್ ಮತ್ತು ಅಮೆಜಾನ್ ಕೊಟ್ಟ ದೂರಿನ ಮೇಲೆ ಸಿಬಿಐ 2023ರ ಅಕ್ಟೋಬರಿನಲ್ಲಿ ಆಪರೇಶನ್ ಚಕ್ರ-2 ಹೆಸರಿನಲ್ಲಿ ಹಲವು ಕಡೆ ದಾಳಿ ಮಾಡಿತ್ತು. ಡಿಗ್ರಿ ಮುಗಿಸಿದ ನಿನ್ನ ತಮ್ಮನಿಗೆ "ಇಂಟರ್‌ನ್ಯಾಷನಲ್ ಟೆಕ್ ಸಪೋರ್ಟ್, ರಾತ್ರಿ ಪಾಳಿ, ಮಾರಾಟಕ್ಕೆ ಕಮಿಷನ್" ಎಂದು ಕೆಲಸ ಬಂದರೆ, ಹೆಸರು ಬದಲಿಸಿ ಮಾತಾಡಬೇಕೇ, ಹಣ ಗಿಫ್ಟ್ ಕಾರ್ಡಿನಲ್ಲಿ ಬರುತ್ತದೆಯೇ ಎಂದು ಮೊದಲೇ ಕೇಳಲು ಹೇಳು. ಹೌದು ಎಂದರೆ ಆ ಕೆಲಸ ಬೇಡ.

ದುಡ್ಡು ಕಳೆದುಕೊಂಡವರಿಗೆ ಕೆಲವು ವಾರದ ಮೇಲೆ "ಸೈಬರ್ ವಿಭಾಗದಿಂದ, ನಿಮ್ಮ ಹಣ ಸಿಕ್ಕಿದೆ, ಫೀ ಕಟ್ಟಿ" ಎಂಬ ಇನ್ನೊಂದು ಕರೆ ಬರುತ್ತದೆ. ಒಮ್ಮೆ ಸಿಕ್ಕಿದವರ ಪಟ್ಟಿ ಅವರಲ್ಲೇ ಕೈಬದಲಾಗುತ್ತದೆ. ಹಣ ವಾಪಸ್ ಕೊಡಿಸಲು ಪೊಲೀಸರು ಫೋನಿನಲ್ಲಿ ಫೀ ಕೇಳುವುದಿಲ್ಲ.

ಆಯಿಯ ಫೋನಿನಲ್ಲಿ ಸ್ಟಾರ್, ಹ್ಯಾಶ್, 21, ಹ್ಯಾಶ್ ಒತ್ತಿ ಅವಳ ಕರೆ ಬೇರೆಯವರಿಗೆ ಫಾರ್ವರ್ಡ್ ಆಗುತ್ತಿದೆಯೇ ನೋಡು. ಆಗುತ್ತಿದ್ದರೆ ಹ್ಯಾಶ್ ಎರಡು ಸಲ, 002, ಹ್ಯಾಶ್ ಒತ್ತಿದರೆ ಎಲ್ಲ ರದ್ದಾಗುತ್ತದೆ. ಅವಳ ಪಾಸ್‌ಬುಕ್ಕಿನ ರಟ್ಟಿನ ಒಳಗೆ 1930 ಎಂದು ದೊಡ್ಡದಾಗಿ ಬರೆದುಕೊಡು. ಅಪ್ಪಯ್ಯನಿಗೆ ನಮಸ್ಕಾರ ಹೇಳು.

ಇಂತು ನಿನ್ನ
ಮಾವ